ದೃಢೀಕರಿಸದ ಪ್ರತಿ

ಒಂದೂವರೆ ವರ್ಷದಿಂದ ರತ್ನಪ್ರಭಾಳಿಗೆ ಶುಕ್ರವಾರ ಮಧ್ಯಾಹ್ನದ ಮೂರೂವರೆ ಗಂಟೆ ಎಂದರೆ ಆಗುತ್ತಿರಲಿಲ್ಲ. ಉಳಿದವರಿಗೆ ಅದು ಚಹಾದ ಹೊತ್ತು. ಕೋರ್ಟಿನ ನೆಲಮಾಳಿಗೆಯ ಕೋಣೆಯಲ್ಲಿ ಅವಳದೊಂದು ಮೇಜು, ಮೇಜಿನೆದುರು ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ. ಆ ಹೊತ್ತಿಗೆ ಸರಿಯಾಗಿ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದಾಗುತ್ತಿತ್ತು. ಆಮೇಲೆ ಒಂದು ಸಣ್ಣ ಕೆಮ್ಮು. ಅದಾದ ಮೇಲೆ, ದಿಲ್ಲಿಯಲ್ಲಿ ಅವಳ ಕಿವಿಗೆ ಅಪರೂಪಕ್ಕೆ ಬೀಳುವ ಮಂಡ್ಯದ ಕನ್ನಡದಲ್ಲಿ, "ಝೆರಾಕ್ಸ್ ತಂದಿವ್ನಿ ಕಣವ್ವ." ತಲೆಯೆತ್ತಿದರೆ ಯಾರೂ ಇರುತ್ತಿರಲಿಲ್ಲ. ಕುರ್ಚಿ ಮಾತ್ರ ಇರುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಗಳು ಧನ್ಯಾ ಮಾರನೆಯ ದಿನವೇ ಗುರುಗ್ರಾಮದ ಯಾವುದಾದರೂ ದೊಡ್ಡ ಡಾಕ್ಟರ ಮುಂದೆ ಕೂರಿಸುತ್ತಿದ್ದಳು, ಅಷ್ಟೆ.

ಮೊದಲು ಅವಳ ಕೆಲಸ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ರತ್ನಪ್ರಭಾ ಕೇಂದ್ರ ಸರಕಾರದಲ್ಲಿ ಮೂವತ್ತಾರು ವರ್ಷ ಕಡತ ತಿರುವಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ಗಂಡ ಚಂದ್ರಮೋಹನ ತೀರಿಕೊಂಡ ಮೇಲೆ ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲಿ ಟೀವಿ ನೋಡಿಕೊಂಡು ಕೂರುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ. ಕಾನೂನು ನೆರವಿನವರು ಮಾಜಿ ಸೈನಿಕರಿಗೆಂದೇ ಕೋರ್ಟಿನಲ್ಲಿ ಒಂದು ಮೇಜು ತೆರೆದಾಗ ಸ್ವಯಂಸೇವಕಿಯಾಗಿ ಸೇರಿಕೊಂಡಳು. ಸೈನ್ಯದಿಂದ ಬಂದವನು ಯಾರಾದರೂ ಬಂಧನಕ್ಕೊಳಗಾದರೆ ಅವನ ಜೊತೆ ಕೂತು ನಾಲ್ಕು ಪುಟದ ಫಾರಂ ತುಂಬಬೇಕು: ಎಲ್ಲಿರುತ್ತಾನೆ, ಮನೆಯಲ್ಲಿ ಯಾರಿದ್ದಾರೆ, ಏನು ಔಷಧಿ ತೆಗೆದುಕೊಳ್ಳುತ್ತಾನೆ, ತಾರೀಕಿನ ದಿನ ಕೋರ್ಟಿಗೆ ಕರೆತರುವವರು ಯಾರು. ಅದನ್ನು ಓದಿ ಜಡ್ಜ್ ತೀರ್ಮಾನ ಮಾಡುತ್ತಾರೆ, ವಿಚಾರಣೆ ಮುಗಿಯುವ ತನಕ ಇವನು ಜೈಲಿನಲ್ಲೇ ಕೊಳೆಯಬೇಕೋ, ಹೊರಗಿದ್ದುಕೊಂಡು ಬಂದುಹೋಗಬಹುದೋ ಎಂದು. ನಾಲ್ಕು ಪುಟ ಎಂದರೆ ಏನು ಮಹಾ ಅನ್ನಬೇಡಿ. ಆ ನಾಲ್ಕು ಪುಟದಲ್ಲಿ ಒಬ್ಬ ಮನುಷ್ಯನ ಪ್ರಾಣ ಇರುತ್ತದೆ.

ಚಂದನನ ಪ್ರಾಣವೂ ಅದರಲ್ಲೇ ಇತ್ತು. ಮಂಡ್ಯ ಕಡೆಯವನು, ಮೂವತ್ತೊಂಬತ್ತು ವರ್ಷ, ಸೈನ್ಯದಲ್ಲಿ ಹದಿನೇಳು ವರ್ಷ ನೆಲದಲ್ಲಿ ಹೂತ ಬಾಂಬು ಹುಡುಕಿ ತೆಗೆದವನು. ಮೆಟ್ರೋ ಸ್ಟೇಷನ್ನಿನ ತಪಾಸಣೆಯಲ್ಲಿ ಬೆಲ್ಟು ಬಿಚ್ಚು ಎಂದವನನ್ನು ತಳ್ಳಿದ. ತಳ್ಳಿಸಿಕೊಂಡವನು ಸಮವಸ್ತ್ರದಲ್ಲಿದ್ದ, ಕೇಸಾಯಿತು. ಸುಲಭವಾಗಿ ಬಿಡುಗಡೆ ಆಗಬೇಕಾದ ಕೇಸು. ಒಂದು ಶುಕ್ರವಾರ ಮೂರೂವರೆಗೆ ಅವನು ಪೊಲೀಸಿನವನ ಜೊತೆ ಬಂದು ಆ ಬಿಳಿ ಕುರ್ಚಿಯಲ್ಲಿ ಕೂತು, ತನ್ನ ಡಿಸ್ಚಾರ್ಜ್ ಪುಸ್ತಕದ ನಕಲು ಕೊಟ್ಟ. ರತ್ನಪ್ರಭಾ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಗೆಜೆಟೆಡ್ ಅಧಿಕಾರಿಯ ಸಹಿ ಇಲ್ಲ, ಸೀಲಿಲ್ಲ. ದೃಢೀಕರಿಸದ ಪ್ರತಿ. ಅಂಥ ಪ್ರತಿ ಕಂಡ ಕೂಡಲೇ ಮೂವತ್ತಾರು ವರ್ಷ ಅವಳ ಕೈ ತಾನಾಗಿ ಏನು ಮಾಡುತ್ತಿತ್ತೋ ಆವತ್ತೂ ಅದನ್ನೇ ಮಾಡಿತು. ಒಂದು ಹಳದಿ ಚೀಟಿ ಅಂಟಿಸಿ, ದೃಢೀಕರಿಸಿದ ಪ್ರತಿಯೊಂದಿಗೆ ಮರುಸಲ್ಲಿಸಿ ಎಂದು ಬರೆದು ವಾಪಸು ಕೊಟ್ಟಳು.

ಅದರ ಅಗತ್ಯವೇ ಇರಲಿಲ್ಲ. ಸರಕಾರವೇ ಆ ಗೋಳನ್ನು ಕೈಬಿಟ್ಟು ವರ್ಷಗಳಾಗಿದ್ದವು. ಅಸಲು ಪುಸ್ತಕ ಪೊಲೀಸಿನವನ ಚೀಲದಲ್ಲೇ ಇತ್ತು, ಕೇಳಿದ್ದರೆ ತೆಗೆದು ತೋರಿಸುತ್ತಿದ್ದ. "ಸೋಮವಾರ ಮಾಡಿಸ್ಕೊಂಡು ಬಾಪ್ಪ, ಎರಡು ದಿನ ತಾನೆ," ಎಂದಳು. ಅವನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಆಯ್ತು ಕಣವ್ವ" ಎಂದು ಎದ್ದುಹೋದ. ಭಾನುವಾರ ಬೆಳಿಗ್ಗೆ ಜೈಲಿನಲ್ಲಿ ತಲೆ ಎಣಿಸಿದಾಗ ಒಂದು ತಲೆ ಕಡಿಮೆ ಬಂತು. ಅವನು ತನ್ನ ಕೈಯಾರೆ ಜೀವ ಕಳೆದುಕೊಂಡಿದ್ದ.

ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಮೇಜಿನ ಉಸ್ತುವಾರಿ ನೋಡಿಕೊಳ್ಳುವ ವಕೀಲ ರಾಘವ, ಮೈಸೂರು ಕಡೆಯವರ ಮಗ, ದಿಲ್ಲಿಯಲ್ಲೇ ಹುಟ್ಟಿ ಬೆಳೆದವನು, "ನೀವು ರೂಲ್ ಪ್ರಕಾರಾನೇ ಮಾಡಿದ್ರಿ ಮೇಡಂ" ಎಂದು ಸಮಾಧಾನ ಹೇಳಿದ. ರೂಲಂತೆ! ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು ಅವಳಿಗೆ. ಆದರೆ ಆ ಸಿಟ್ಟು ಅವನ ಮೇಲಿನದಲ್ಲ ಎಂದು ಗೊತ್ತಿದ್ದರಿಂದ ಸುಮ್ಮನೆ ಚಹಾ ಕುಡಿದಳು.

ಈ ಸಲ ದೀಪಾವಳಿಗೆ ಮೂರು ದಿನ ಮುಂಚೆ, ಶುಕ್ರವಾರ, ರಾಘವ ಬೆಳಿಗ್ಗೆ ಹತ್ತಕ್ಕೇ ಒಂದು ಫೈಲು ತಂದು ಅವಳ ಮುಂದಿಟ್ಟ. "ಮೇಡಂ, ನಿಮ್ಮ ಕಡೆಯವರು. ಜಗನ್ನಾಥ ಅಂತ, ಬೆಳಗಾವಿ ಡಿಸ್ಟ್ರಿಕ್ಟ್. ಹಿಂದಿ ಆತಾ ಹೈ, ಆದ್ರೆ ಮಾತೇ ಆಡ್ತಿಲ್ಲ. ಇವತ್ತು ಆಗಲಿಲ್ಲ ಅಂದ್ರೆ ಖತಮ್. ನಾಳೆಯಿಂದ ಒಂಬತ್ತು ದಿನ ಕೋರ್ಟ್ ರಜಾ."

ಒಂಬತ್ತು ದಿನ. ಚಂದನನಿಗೆ ಎರಡೇ ದಿನ ಸಾಕಾಗಿತ್ತು.

ಫೈಲಿನಲ್ಲಿದ್ದದ್ದು ಇಷ್ಟು. ಜಗನ್ನಾಥ ಸೈನ್ಯದಲ್ಲಿ ನಾಯಕ್, ಎಂದರೆ ಒಂದು ಸಣ್ಣ ತುಕಡಿಯ ಮುಖಂಡ, ಆಗಿ ನಿವೃತ್ತನಾದವನು, ನಲವತ್ತಾರು ವರ್ಷ. ಗ್ರೇಟರ್ ನೋಯ್ಡಾದ ಒಂದು ಸೆಕ್ಯೂರಿಟಿ ಏಜೆನ್ಸಿಯಲ್ಲಿ ಕಾವಲುಗಾರ. ಹಬ್ಬದ ಜನಜಂಗುಳಿಗೆಂದು ಏಜೆನ್ಸಿ ಅವನನ್ನು ಹದಿನೈದು ದಿನ ದಕ್ಷಿಣ ದಿಲ್ಲಿಯ ಒಂದು ಮಾಲ್‌ಗೆ ಕಳಿಸಿತ್ತು. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಯಾರೋ ಪುಂಡರು ಅವನ ಬೆನ್ನ ಹಿಂದೆ ಪಟಾಕಿಯ ಸರ ಹಚ್ಚಿದರು. ಮುಂದಿನ ಗಳಿಗೆಯಲ್ಲಿ ಅವರಲ್ಲೊಬ್ಬ, ಇಪ್ಪತ್ತರ ಹರೆಯದವನು, ನೆಲದ ಮೇಲಿದ್ದ, ಅವನ ಹೆಗಲ ಎಲುಬು ಮುರಿದಿತ್ತು. ಏಜೆನ್ಸಿಯವರು ಅದೇ ದಿನ ಕೈ ತೊಳೆದುಕೊಂಡು, ಅವನಿದ್ದ ಕೋಣೆಗೆ ಬೀಗ ಹಾಕಿದ್ದರು.

ಲಾಕಪ್ಪಿನಲ್ಲಿ ಜಗನ್ನಾಥ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಅಂಗಿಯ ಗುಂಡಿ ಕತ್ತಿನ ತನಕ ಹಾಕಿತ್ತು. ಅವಳು ಕನ್ನಡದಲ್ಲಿ ಹೆಸರು ಹೇಳಿ ಕರೆದ ಕೂಡಲೇ ಅವನ ಕಣ್ಣು ತುಂಬಿಬಂತು. ಮನೆಯಲ್ಲಿ ಯಾರಿದ್ದಾರೆ ಎಂದರೆ ಹೆಂಡತಿ ಇಲ್ಲ, ತಮ್ಮನೊಬ್ಬ ಗೋಕಾಕದ ಹತ್ತಿರ. ದಿಲ್ಲಿಯಲ್ಲಿ ಯಾರು ಎಂದರೆ ಯಾರೂ ಇಲ್ಲ. ಔಷಧಿ ಎಂದರೆ ನಿದ್ದೆ ಗುಳಿಗೆ, ಅದೂ ಬಿಟ್ಟು ಎರಡು ವರ್ಷ. ಅವಳು ಬರೆದುಕೊಳ್ಳುತ್ತಾ ಹೋದಳು.

"ಹೊರಗೆ ಹೋದ್ಮೇಲೆ ಎಲ್ಲಿರ್ತೀರಿ?"

"ಹೊರಗ ಬಿಡಬ್ಯಾಡ್ರಿ ಅಕ್ಕಾರ."

ಅವಳ ಪೆನ್ನು ನಿಂತಿತು. ಈ ಮೇಜಿಗೆ ಬಂದಾಗಿನಿಂದ ಇಂಥ ಉತ್ತರ ಕೊಟ್ಟವರಿಲ್ಲ. "ಹಾಗಂದ್ರೆ?"

"ಹಬ್ಬ ಮುಗಿಯೂತನಾ ಇಲ್ಲೇ ಇರತೀನ್ರಿ. ಒಳಗ ಗ್ವಾಡಿ ದಪ್ಪ ಅದಾವು, ಸಪ್ಪಳ ಅಷ್ಟ ಕೇಳೂದಿಲ್ಲ."

"ಅಯ್ಯೋ ಶಿವನೆ! ಜೈಲಲ್ಲಿ ಹಬ್ಬ ಮಾಡ್ತೀನಿ ಅಂತಾರಲ್ಲ ಇವರು!"

ಅವನು ನಗಲಿಲ್ಲ. "ಆ ಹುಡುಗನ ಎಲಬು ಮುರೀಬೇಕಂತ ನಾ ಕೈ ಎತ್ತಲಿಲ್ರಿ. ಬೆನ್ನ ಹಿಂದ ಢಂ ಅಂತು. ಆಮ್ಯಾಲ ನೋಡಿದ್ರ ಅಂವ ನನ್ನ ಮಣಕಾಲ ಕೆಳಗ ಇದ್ದ. ನಡುವ ಏನಾತು ನನಗ ಗೊತ್ತಿಲ್ಲ. ಸೋಮವಾರ ಊರ ತುಂಬ ಢಂ ಢಂ ಅಂತೈತಿ. ನನ್ನ ಮಣಕಾಲ ಕೆಳಗ ಯಾರ ಬರತಾರೋ ಏನೋ." ಉಗುಳು ನುಂಗಿದ. "ಒಳಗ ಇದ್ರ ಯಾರಿಗೂ ಏನೂ ಆಗೂದಿಲ್ರಿ. ನನ್ನೊಬ್ಬನ್ನ ಬಿಟ್ಟು."

ಕೊನೆಯ ಮಾತನ್ನು ಅವನು ಲೆಕ್ಕಕ್ಕೇ ಇಲ್ಲದ್ದು ಎಂಬ ಹಾಗೆ ಹೇಳಿದ. ನಿಜ ಹೇಳಬೇಕೆಂದರೆ ರತ್ನಪ್ರಭಾ ಬೆಳಿಗ್ಗೆಯಿಂದ ಓಡಾಡುತ್ತಿದ್ದದ್ದು ಈ ಮನುಷ್ಯನಿಗಾಗಿ ಅಲ್ಲ. ಇವನೊಬ್ಬನನ್ನು ಬಿಡಿಸಿಬಿಟ್ಟರೆ ಆ ಕುರ್ಚಿಯಲ್ಲಿ ಕೂರುವವನು ಎದ್ದುಹೋಗುತ್ತಾನೆ ಎಂಬುದು ಅವಳ ಆಸೆಯಾಗಿತ್ತು. ಇವನಿಗೂ ತನ್ನದೊಂದು ಮಾತಿರಬಹುದು ಎಂದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಅವಳು ಫಾರಂ ಮುಚ್ಚಿಟ್ಟು ಅದರಲ್ಲಿಲ್ಲದ ಪ್ರಶ್ನೆ ಕೇಳಿದಳು.

"ಜಗನ್ನಾಥ, ಒಳಗಿದ್ರೆ ಒಂಬತ್ತು ದಿನ ನೀವು ಬದುಕಿರ್ತೀರಾ?"

ಅವನು ತನ್ನ ಅಂಗೈ ನೋಡಿಕೊಂಡ. "ಹೇಳಾಕ ಬರೂದಿಲ್ರಿ."

"ಹಾಗಾದ್ರೆ ಹೊರಗೆ ಬನ್ನಿ," ಎಂದಳು. "ದಪ್ಪ ಗೋಡೆ ನಾನು ಕೊಡ್ತೀನಿ."

ರಾಘವ ಕೇಳಿ ತಲೆ ಕೆರೆದುಕೊಂಡ. ವಿಳಾಸ ಗ್ರೇಟರ್ ನೋಯ್ಡಾದ್ದು ಎಂದರೆ ಉತ್ತರಪ್ರದೇಶ. ದಿಲ್ಲಿ ಪೊಲೀಸರು ಗಡಿ ದಾಟಿ ಹೋಗಿ ನೋಡಿಕೊಂಡು ಬರುವುದಕ್ಕೆ ವಾರ ಬೇಕು, ಹೋದರೂ ಅಲ್ಲಿರುವುದು ಬೀಗ. ಜಾಮೀನಿಗೆ ಯಾರು? "ನಾನು" ಎಂದಳು ರತ್ನಪ್ರಭಾ.

"ಅರೇ ಮೇಡಂ, ವಾಲಂಟಿಯರ್ ಜಾಮೀನು ನಿಲ್ಲೋ ಹಾಗಿಲ್ಲ. ರೂಲ್ ನಿಮಗೇ ಗೊತ್ತಲ್ಲ."

ಅವಳು ಕತ್ತಿನಲ್ಲಿದ್ದ ಗುರುತಿನ ಚೀಟಿಯ ದಾರವನ್ನು ತೆಗೆದು ಮೇಜಿನ ಮೇಲಿಟ್ಟಳು. ರಾಜೀನಾಮೆಯನ್ನು ಎರಡು ಸಾಲಿನಲ್ಲಿ ಬರೆದು ಅದರ ಪಕ್ಕಕ್ಕಿಟ್ಟಳು. "ಈಗ ನಾನು ಯಾರೂ ಅಲ್ಲ. ಮನೆ ಪತ್ರ ತಗೊಂಡು ಬರ್ತೀನಿ. ಎರಡು ಗಂಟೆಗೆ ಫೈಲು ಒಳಗಿರಲಿ." ರಾಘವ ಫೈಲು ಎತ್ತಿಕೊಂಡು ಹೊರಟ.

ಹಬ್ಬದ ಟ್ರಾಫಿಕ್ಕಿನಲ್ಲಿ ಆಟೋ ಆಮೆಯ ಹಾಗೆ ತೆವಳುತ್ತಿತ್ತು. ಅರ್ಧ ದಾರಿಯಲ್ಲಿ ಪಕ್ಕದ ಸೀಟು ಅದುಮಿದಂತಾಯಿತು. ರತ್ನಪ್ರಭಾ ಅತ್ತ ತಿರುಗಲಿಲ್ಲ. ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಇನ್ನಷ್ಟು ಬದಿಗೆ ಸರಿದು ಜಾಗ ಬಿಟ್ಟಳು. ಆಟೋದವನು ಕನ್ನಡಿಯಲ್ಲಿ ನೋಡಿ, "ಔರ್ ಕೋಯೀ ಆಯೇಗಾ, ಮಾತಾಜೀ?" ಎಂದ, ಇನ್ನೂ ಯಾರಾದರೂ ಹತ್ತುವವರಿದ್ದಾರೆಯೇ ಎಂಬಂತೆ. "ನಹೀಂ ಭಯ್ಯಾ, ಚಲೋ," ಎಂದಳು.

ಜಡ್ಜ್ ದಣಿದ ಮುಖದ, ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದ ಹೆಂಗಸು. ಕಾಗದಗಳನ್ನು ನೋಡಿ, "ಈತ ನಿಮಗೆ ಏನಾಗಬೇಕು?" ಎಂದು ಹಿಂದಿಯಲ್ಲಿ ಕೇಳಿದರು.

"ಏನೂ ಆಗಬೇಕಿಲ್ಲ, ಮೇಡಂ."

"ಮತ್ತೆ ಮನೆ ಪತ್ರ ಇಡುತ್ತಿದ್ದೀರಿ?"

ರತ್ನಪ್ರಭಾ ಸುತ್ತಿ ಬಳಸಲು ಹೋಗಲಿಲ್ಲ. ಇವನು ಒಳಗಿದ್ದರೆ ಬದುಕುವ ಭರವಸೆ ಇಲ್ಲ. ಹೊರಗಿದ್ದರೆ ಸದ್ದಿಗೆ ಏನು ಮಾಡುತ್ತಾನೋ ಎಂದು ಅವನಿಗೇ ಹೆದರಿಕೆ. ನನ್ನ ಫ್ಲ್ಯಾಟಿನ ನಡುವೆ ಕಿಟಕಿಯಿಲ್ಲದ ಒಂದು ಸ್ಟೋರ್ ಕೋಣೆಯಿದೆ. ಹಬ್ಬದ ಸಂಜೆ ನಾನೇ ಅವನ ಜೊತೆ ಅದರೊಳಗೆ ಕೂರುತ್ತೇನೆ. ಕಟಕಟೆಯಲ್ಲಿ ನಿಂತಿದ್ದವನನ್ನು ಜಡ್ಜ್ ಕೇಳಿದರು, ಏನು ಹೇಳುತ್ತೀಯ? "ನನ್ನ ಮೇಲೆ ನನಗೆ ಭರೋಸಾ ಇಲ್ಲ ಸಾಬ್," ಎಂದ ಜಗನ್ನಾಥ. ರಾಘವ ಹಣೆ ಒತ್ತಿಕೊಂಡ. ತನ್ನ ಬಿಡುಗಡೆಗೆ ತಾನೇ ಕಲ್ಲು ಹಾಕಿಕೊಳ್ಳುವ ಕಕ್ಷಿದಾರನನ್ನು ಅವನು ಎಲ್ಲಿ ಕಂಡಿದ್ದ! ಆದರೆ ಜಡ್ಜ್ ಪೆನ್ನು ಕೈಗೆತ್ತಿಕೊಂಡರು. ಇಷ್ಟು ನಿಜ ಹೇಳುವವನು ತಾರೀಕಿಗೆ ಬರುತ್ತಾನೆ ಎಂದರು. ವಸಂತ್ ಕುಂಜ್‌ನ ವಿಳಾಸ ಬಿಟ್ಟು ಕದಲುವಂತಿಲ್ಲ, ರಜೆ ಮುಗಿದ ಕೂಡಲೇ ಮನೋವೈದ್ಯರ ಚೀಟಿ ತರಬೇಕು, ಇಪ್ಪತ್ತೇಳಕ್ಕೆ ಹಾಜರಾಗಬೇಕು. "ಅಷ್ಟರಲ್ಲಿ ಏನಾದರೂ ಅನಾಹುತವಾದರೆ," ಎಂದು ರತ್ನಪ್ರಭಾಳ ಕಡೆ ನೋಡಿದರು, ಮಾತು ಮುಗಿಸಲಿಲ್ಲ.

ಅವಳು ಸಹಿ ಹಾಕಿದಾಗ ಗೋಡೆಯ ಗಡಿಯಾರದಲ್ಲಿ ಮೂರೂವರೆ. ಕೆಮ್ಮು ಕೇಳಲಿಲ್ಲ. ಕುರ್ಚಿಯ ಸದ್ದೂ ಇಲ್ಲ. ಹೋದ, ಎಂದುಕೊಂಡಳು. ಒಂದು ಗಂಟೆ ಕಾಲ ಅವಳಿಗೆ ಮೈ ಹಗುರವಾಗಿತ್ತು.

ಸಂಜೆ ಜೈಲಿನ ಬಾಗಿಲಿನಿಂದ ಜಗನ್ನಾಥ ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಹೊರಬಂದ. ಟ್ಯಾಕ್ಸಿಯ ತನಕ ಅವನ ಬೂಟಿನ ಸದ್ದು ಕೇಳುತ್ತಿತ್ತು. ಅವನು ಹತ್ತಿ ಕೂತ ಮೇಲೂ ಎರಡು ಹೆಜ್ಜೆ ಕೇಳಿತು. ರತ್ನಪ್ರಭಾ ಬಾಗಿಲು ಹಾಕಲು ಒಂದು ಗಳಿಗೆ ತಡೆದಳು, ಆಮೇಲೆ ತನ್ನ ಮೇಲೇ ಬೇಸರಪಟ್ಟುಕೊಂಡು ಧಡ್ಡೆಂದು ಎಳೆದಳು.

ಧನ್ಯಾ ಹಬ್ಬಕ್ಕೆಂದು ಗುರುಗ್ರಾಮದಿಂದ ಬಂದಿದ್ದಳು. ವಿಷಯ ತಿಳಿದು ಅಡುಗೆಮನೆಯಲ್ಲಿ ಅಮ್ಮನನ್ನು ಮೂಲೆಗೆ ಒತ್ತಿ ಹಿಡಿದಳು. "ಅಮ್ಮಾ, ಆರ್ ಯೂ ಮ್ಯಾಡ್? ಉಸ್ನೇ ಕಿಸೀ ಕೀ ಹಡ್ಡೀ ತೋಡೀ ಹೈ! ಎಲುಬು ಮುರಿದಿದಾರೆ! ನೀನು ಅವರ ಜೊತೆ ಕ್ಲೋಸ್ಡ್ ರೂಮ್‌ನಲ್ಲಿ ಕೂತ್ಕೋತೀಯಾ? ವೈ ಯೂ?"

"ನಾನೇ ಯಾಕೆ ಅಂತ ಹೇಳಕ್ಕೆ ಬಂದಿದ್ರೆ ಎಂದೋ ಹೇಳ್ತಿದ್ದೆ ಕಣೆ," ಎಂದಳು ರತ್ನಪ್ರಭಾ. ಸೋಮವಾರ ಮಧ್ಯಾಹ್ನ ಧನ್ಯಾ ಗೊಣಗುತ್ತಲೇ ಅಟ್ಟದ ಮೇಲಿನ ರಜಾಯಿಗಳನ್ನೆಲ್ಲ ಇಳಿಸಿ, ಸ್ಟೋರ್ ಕೋಣೆಯ ಗೋಡೆಗಳಿಗೆ ಒರಗಿಸಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿದಳು.

ಈ ವರ್ಷ ಹಸಿರು ಪಟಾಕಿಗೆ ಅಪ್ಪಣೆ ಸಿಕ್ಕಿತ್ತು. ಹಸಿರಂತೆ! ಸದ್ದಿಗೆ ಯಾವ ಬಣ್ಣ? ಏಳು ಗಂಟೆಗೆ ಇಡೀ ದಿಲ್ಲಿ ಒಮ್ಮೆಗೇ ಬಾಯಿಬಿಟ್ಟಿತು. ರತ್ನಪ್ರಭಾ ದೇವರ ಮುಂದೆ ದೀಪ ಹಚ್ಚಿಟ್ಟು ಸ್ಟೋರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೂಟ್‌ಕೇಸುಗಳ ನಡುವೆ ಜಗನ್ನಾಥ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಅವಳು ಎದುರಿಗೆ ಚಾಪೆಯ ಮೇಲೆ ಕೂತಳು. ಸದ್ದು ದೂರದಲ್ಲಿ ಯಾರೋ ಮಂಚ ಎಳೆದಾಡಿದ ಹಾಗೆ ಬರುತ್ತಿತ್ತು. ಅವನು ಅಮ್ಮನ ಬಗ್ಗೆ, ಗೋಕಾಕದ ಕರದಂಟಿನ ಬಗ್ಗೆ ಎರಡು ಮಾತಾಡಿದ. ಪರವಾಗಿಲ್ಲ, ಕಳೆದುಹೋಗುತ್ತದೆ, ಎಂದುಕೊಂಡಳು.

ಎಂಟರ ಸುಮಾರಿಗೆ ಯಾರೋ ಪುಣ್ಯಾತ್ಮ ಕಟ್ಟಡದ ಮೆಟ್ಟಿಲ ಕೆಳಗೇ ಬಾಂಬು ಇಟ್ಟ. ಕೋಣೆಯ ಬಲ್ಬು ಅಲುಗಿತು. ಜಗನ್ನಾಥ ಎದ್ದದ್ದೂ ಅವಳಿಗೆ ಕಾಣಲಿಲ್ಲ. ಅವನ ಕೈ ಅವಳ ಮುಂಗೈಯನ್ನು ಹಿಡಿದಿತ್ತು, ಅವನ ಕಣ್ಣು ಅವಳನ್ನು ಕಾಣುತ್ತಿರಲಿಲ್ಲ. "ದಿಲೀಪ್!" ಎಂದು ಕೂಗಿದ. ಉತ್ತರಕ್ಕೆ ಕಾದ. ಉತ್ತರವಿಲ್ಲ. ಹಿಡಿತ ಬಿಗಿಯಾಯಿತು. "ದಿಲೀಪ್!" ಮತ್ತೂ ಬಿಗಿಯಾಯಿತು. ಎಲುಬು ಕಟಕ್ಕೆನ್ನುತ್ತದೆ ಅನ್ನಿಸಿತು ಅವಳಿಗೆ. ನೋವಿಗೆ ಕಣ್ಣು ಕತ್ತಲೆ ಬಂದಾಗ, ದೇವರೇ ಹೇಳಿಕೊಟ್ಟನೋ ಏನೋ, ಅವನು ಏನಕ್ಕೆ ಕಾಯುತ್ತಿದ್ದಾನೆ ಎಂದು ತಿಳಿಯಿತು.

"ಹಾಜರ್," ಎಂದಳು.

ಹಿಡಿತ ಎಳ್ಳಷ್ಟು ಸಡಿಲವಾಯಿತು. "ಚರಣ್!"

"ಹಾಜರ್."

"ಅನೂಪ್!"

"ಹಾಜರ್."

ಏಳು ಹೆಸರುಗಳು. ಮುಗಿದರೆ ಮತ್ತೆ ದಿಲೀಪನಿಂದ ಶುರು. ಹೊರಗೆ ಒಂದೊಂದು ಬಾಂಬಿಗೂ ಒಂದು ಸುತ್ತು ಹಾಜರಿ. ನಾಲ್ಕನೆಯ ಸುತ್ತಿಗೆ ಅವಳ ಗಂಟಲು ಕಟ್ಟಿತು, "ಅಭಿಷೇಕ್!" ಎಂದಾಗ ಸ್ವರವೇ ಹೊರಡಲಿಲ್ಲ. ಕೈ ಬಿಗಿಯತೊಡಗಿತು. ಆಗ ಬಾಗಿಲ ಆಚೆಯಿಂದ, ಅಳು ತಡೆದ ದನಿಯಲ್ಲಿ, ಧನ್ಯಾ ಗಟ್ಟಿಯಾಗಿ "ಹಾಜರ್!" ಎಂದಳು. ಅವಳು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಆಮೇಲಿನ ಎರಡು ಸುತ್ತು ತಾಯಿ ಮಗಳು ಹಂಚಿಕೊಂಡು ಉತ್ತರ ಕೊಟ್ಟರು.

ಒಂಬತ್ತರ ಹೊತ್ತಿಗೆ ಹೊರಗೆ ಒಂದು ಬಿಡುವು ಬಂತು, ಜನ ಊಟಕ್ಕೆ ಹೋಗಿದ್ದರು. ಜಗನ್ನಾಥನ ಕಣ್ಣಿಗೆ ಕೋಣೆ ಮರಳಿತು. ಮೊದಲು ಕಂಡದ್ದು ಅವಳ ಮುಂಗೈ, ನೀಲಿಗಟ್ಟಿದ ಐದು ಬೆರಳಿನ ಗುರುತು. ಕೈ ಸುಟ್ಟುಕೊಂಡವನಂತೆ ಬಿಟ್ಟುಬಿಟ್ಟ. ಆ ಹಬ್ಬದಲ್ಲಿ ಯಾರ ಎಲುಬೂ ಮುರಿಯಲಿಲ್ಲ. ಇಪ್ಪತ್ತೇಳಕ್ಕೆ ಅವನು ಹತ್ತು ನಿಮಿಷ ಮುಂಚೆಯೇ ಕೋರ್ಟಿನಲ್ಲಿ ನಿಂತಿದ್ದ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇನ್ನು ಉಳಿದದ್ದು ಅವನ ವಿಷಯವಲ್ಲ.

"ನಾ ಏನ್ ಮಾಡಿದ್ನಿ ಅಕ್ಕಾರ?"

"ಹಾಜರಿ ತಗೊಂಡ್ರಿ."

"ಯಾರರ ಹೂಂ ಅಂದ್ರ?"

"ಏಳೂ ಜನ ಅಂದ್ರು."

ಅವನು ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಸಮಾಧಾನವಾದ ಮೇಲೆ ಹೇಳಿದ: ಗಡಿಯ ಗುಡ್ಡದ ಮೇಲಿನ ಸೈನ್ಯದ ಠಾಣೆ, ಫಿರಂಗಿಯ ಶೆಲ್ ಬಿದ್ದ ರಾತ್ರಿ, ಕತ್ತಲಲ್ಲಿ ತಾನು ತನ್ನ ತುಕಡಿಯ ಹೆಸರು ಕರೆಯುತ್ತಲೇ ಇದ್ದದ್ದು. "ಹದಿನಾರು ವರ್ಷ ಆತ್ರಿ. ಯಾರರ ಹೂಂ ಅಂದಿದ್ದು ಇವತ್ತ ಮೊದಲ."

ರತ್ನಪ್ರಭಾಳಿಗೆ ತಡೆಯಲಾಗಲಿಲ್ಲ. "ನಂಗೂ ಒಬ್ಬ ಇದಾನೆ," ಎಂದಳು. ಚಂದನ್, ಶುಕ್ರವಾರ, ಹಳದಿ ಚೀಟಿ, ಭಾನುವಾರದ ಎಣಿಕೆ. ಕುರ್ಚಿಯ ಸದ್ದು, ಕೆಮ್ಮು, ಆಟೋ. ಮೊದಲ ಸಲ ಪೂರ್ತಿ ಹೇಳಿದಳು, ಬಾಗಿಲಾಚೆ ಮಗಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿದ್ದೂ ಹೇಳಿದಳು. ಜಗನ್ನಾಥ ಕಣ್ಣು ಮಿಟುಕಿಸದೆ ಕೇಳಿದ. ಆಮೇಲೆ ಅವಳು ಆಸೆಯಿಂದ ಅವನ ಬಾಯಿ ನೋಡುತ್ತಾ, "ಚಂದನ್," ಎಂದು ಕರೆದಳು.

ಅವನು ತಲೆ ತಗ್ಗಿಸಿದ.

"ಒಂದ್ಸಲ ಹೂಂ ಅನ್ನಿ ಜಗನ್ನಾಥ. ನಿಮ್ಮ ಏಳು ಜನಕ್ಕೂ ನಾನು ಅಂದೆನಲ್ಲ!" ಅವಳ ದನಿಯಲ್ಲಿ ಸಿಟ್ಟಿತ್ತು, ಬೇಡಿಕೆಯೂ ಇತ್ತು.

"ಅವರು ಶೆಲ್ಲಿಗೆ ಹ್ವಾದ್ರು ಅಕ್ಕಾರ," ಎಂದ ಅವನು ಮೆತ್ತಗೆ. "ಇಂವ ನಿಮ್ಮ ಚೀಟಿಗೆ ಹ್ವಾದ. ಇಂವಗ ನಾ ಹೂಂ ಅಂದ್ರ ಸುಳ್ಳಾಗತೈತಿ."

ಒಂದೂವರೆ ವರ್ಷದಿಂದ ಯಾರಾದರೂ ಈ ಮಾತನ್ನು ತನ್ನ ಮುಖಕ್ಕೆ ಹೇಳಲಿ ಎಂದು ಅವಳು ಕಾದಿದ್ದಳು. ಇವನು ಹೇಳಿಬಿಟ್ಟ.

"ಇನ್ನೆರಡ ಸಲ ಕರೀರಿ," ಎಂದ ಜಗನ್ನಾಥ. ಅವನ ದನಿ ಈಗ ನಾಯಕನದಾಗಿತ್ತು. "ಮೂರ ಸಲ ಕರದ್ರೂ ಬರಲಿಲ್ಲಂದ್ರ ಗೈರಹಾಜರ ಅಂತ ಹೇಳಬೇಕು. ಹೇಳಲಿಲ್ಲಂದ್ರ ಅಂವ ಬಾಗಲದಾಗ ನಿಂತ ಬಿಡತಾನ್ರಿ. ಒಳಗ ಬರಾಂಗಿಲ್ಲ, ಹೊರಗ ಹೋಗಾಂಗಿಲ್ಲ."

"ಚಂದನ್," ಎಂದಳು. ಕಾದಳು. ಮೂರನೆಯದಕ್ಕೆ ನಾಲಗೆ ಏಳಲಿಲ್ಲ. ಕರೆದರೆ ಅವನು ಇಲ್ಲವೆಂದಾಗುತ್ತದೆ, ಕರೆಯದಿದ್ದರೆ ಶುಕ್ರವಾರಕ್ಕಾದರೂ ಬರುತ್ತಾನೆ. ಅವನು ಬರುವುದನ್ನು ತಾನು ಹೆದರಿಕೊಂಡೇ ಇಷ್ಟು ದಿನ ಕಾಯುತ್ತಿದ್ದೆ ಎಂದು ಅವಳಿಗೆ ಆಗ ತಿಳಿಯಿತು. "ಚಂದನ್, ಬಾಪ್ಪ," ಎಂದಳು, ಸೋಮವಾರ ಬಾ ಎಂದಿದ್ದ ಅದೇ ದನಿಯಲ್ಲಿ.

ಯಾರೂ ಹೂಂ ಅನ್ನಲಿಲ್ಲ.

"ಗೈರುಹಾಜರು," ಎಂದಳು ರತ್ನಪ್ರಭಾ.

"ಕಾರಣ?" ಎಂದು ಕೇಳಿದ ಜಗನ್ನಾಥ. ಹಾಜರಿ ಪುಸ್ತಕದಲ್ಲಿ ಕಾರಣ ಬರೆಯದೆ ಯಾರನ್ನೂ ಗೈರು ಹಾಕುವಂತಿಲ್ಲ. ಅದು ಅವನಿಗೂ ಗೊತ್ತಿತ್ತು, ಮೂವತ್ತಾರು ವರ್ಷ ಹಾಜರಿ ಪುಸ್ತಕ ನೋಡಿದ ಅವಳಿಗೂ ಗೊತ್ತಿತ್ತು.

"ನಾನು," ಎಂದಳು.

ಹೊರಗೆ ಜನರ ಊಟ ಮುಗಿದಿತ್ತು. ಮೆಟ್ಟಿಲ ಹತ್ತಿರ ಮತ್ತೆ ಪಟಾಕಿ ಶುರುವಾಯಿತು. ಜಗನ್ನಾಥ ಕೈ ಚಾಚಿದ, ಅವಳು ನೋವಿಲ್ಲದ ಇನ್ನೊಂದು ಕೈಯನ್ನು ಕೊಟ್ಟಳು.